ವಿದ್ಯಾಲೋಕದ ಓಲೆಕಾರ ಹೆನ್ರಿ ಓಲ್ಡನ್‌ಬರ್ಗ್

ಕೊಟ್ಟಷ್ಟೂ ಹೆಚ್ಚುವ ಸಂಪತ್ತು ವಿದ್ಯೆಯೊಂದೇ ಎಂಬುದನ್ನು ಹಿರಿಯರು ಹಲವು ಬಗೆಯಲ್ಲಿ ಹೇಳುತ್ತ ಬಂದಿದ್ದಾರೆ. ಆದರೆ ಲೋಕದ ನಡೆಯನ್ನು ನೋಡಿದರೆ ವಿದ್ಯೆಯನ್ನು ಪಡೆದವರೆಲ್ಲರೂ ಅದನ್ನು ಕೈಬಿಚ್ಚಿ ಕೊಟ್ಟವರಲ್ಲ. ವೈದ್ಯನು ತನ್ನ ಮೂಲಿಕೆಯ ಹೆಸರನ್ನು ಮಗನಿಗಲ್ಲದೆ ಅನ್ಯರಿಗೆ ಅರುಹಲಿಲ್ಲ. ಕುಶಲನಾದ ಕಮ್ಮಾರನು ಉಕ್ಕಿಗೆ ಹದ ಕೊಡುವ ಮರ್ಮವನ್ನು ಮನೆಯ ಹೊಸ್ತಿಲು ದಾಟಗೊಡಲಿಲ್ಲ. ಹೀಗೆ ಬಚ್ಚಿಟ್ಟ ವಿದ್ಯೆಯು ಎಷ್ಟೋ ವೇಳೆ ಬಚ್ಚಿಟ್ಟವನೊಡನೆಯೇ ಮಣ್ಣುಗೂಡಿತು. ಇದು ಒಂದು ದೇಶದ ಅಥವಾ ಒಂದು ಜನಾಂಗದ ದೋಷವಲ್ಲ. ಮನುಷ್ಯಸ್ವಭಾವಕ್ಕೇ ಅಂಟಿಕೊಂಡು ಬಂದ ದೌರ್ಬಲ್ಯ.

ಮಹಾವಿದ್ವಾಂಸರೂ ಈ ದೌರ್ಬಲ್ಯದಿಂದ ಪಾರಾದವರಲ್ಲ. ೧೬೧೦ರಲ್ಲಿ ಇಟಲಿಯ ಗೆಲಿಲಿಯೋ ತನ್ನ ದೂರದರ್ಶಕದ ಮೂಲಕ ಶನಿಗ್ರಹವನ್ನು ನೋಡಿದಾಗ ಅದು ಮೂರು ಬಿಂಬಗಳು ಕೂಡಿದಂತೆ ತೋರಿತು. ಆತನು ಆ ಸಂಗತಿಯನ್ನು ಒಂದು ಲ್ಯಾಟಿನ್ ವಾಕ್ಯವಾಗಿ ಬರೆದು, ಅದರ ಅಕ್ಷರಗಳನ್ನು ಸ್ಥಾನಪಲ್ಲಟಗೊಳಿಸಿ, ಯಾರಿಗೂ ಅರ್ಥವಾಗದ ಅಕ್ಷರಮಾಲೆಯನ್ನು ಮಾಡಿ ಕಳುಹಿಸಿದನು. ಮೇಧಾವಿಯಾದ ಕೆಪ್ಲರನು ಆ ಒಗಟನ್ನು ಬಿಡಿಸಲು ಹೆಣಗಿ, ಮಂಗಳಗ್ರಹಕ್ಕೆ ಇಬ್ಬರು ಚಂದ್ರರಿರುವರೆಂದು ತಪ್ಪಾಗಿ ಓದಿಕೊಂಡನು. ಶನಿಯ ಸುತ್ತ ಇರುವುದು ಬಳೆಯೆಂಬ ನಿಜವನ್ನು ಮುಂದೆ ಕಂಡುಕೊಂಡ ಹಾಲೆಂಡಿನ ಹೈಗೆನ್ಸನೂ ೧೬೫೬ರಲ್ಲಿ ಅದನ್ನು ಇಂಥದೇ ಅಕ್ಷರದ ಒಗಟಿನಲ್ಲಿ ಮುಚ್ಚಿಟ್ಟನು. ಕಂಡವನು ತಾನೇ ಮೊದಲಿಗನೆಂಬ ಕೀರ್ತಿಯೂ ಕೈಬಿಡಬಾರದು, ಕಂಡದ್ದು ಪರರ ಪಾಲೂ ಆಗಬಾರದು ಎಂಬುದೇ ಈ ಉಪಾಯದ ಹುರುಳು.

ಈ ಇಕ್ಕಟ್ಟಿಗೆ ಪರಿಹಾರವನ್ನು ಕಂಡುಹಿಡಿದವನು ಖಗೋಳಜ್ಞನಲ್ಲ, ಗಣಿತಜ್ಞನಲ್ಲ, ವೈದ್ಯನೂ ಅಲ್ಲ. ಯಾವ ನಕ್ಷತ್ರಕ್ಕೂ ಯಾವ ನಿಯಮಕ್ಕೂ ಆತನ ಹೆಸರು ಅಂಟಿಲ್ಲ. ದೇವತಾಶಾಸ್ತ್ರವನ್ನು ಓದಿ, ಪರರ ಮನೆಯ ಮಕ್ಕಳಿಗೆ ಪಾಠ ಹೇಳಿ, ಪರದೇಶದಲ್ಲಿ ನೆಲೆಯೂರಿ, ಜೀವಮಾನವಿಡೀ ಪತ್ರಗಳನ್ನು ಬರೆದು ಬಾಳಿದ ಆ ಮಹನೀಯನೇ ಹೆನ್ರಿ ಓಲ್ಡನ್‌ಬರ್ಗ್. ೧೬೬೫ರಲ್ಲಿ ಆತನು ಹುಟ್ಟುಹಾಕಿದ ಫಿಲಸಾಫಿಕಲ್ ಟ್ರಾನ್ಸ್ಯಾಕ್ಷನ್ಸ್ ಎಂಬ ಪತ್ರಿಕೆಯು ಇಂದಿಗೂ ಪ್ರಕಟವಾಗುತ್ತಿದೆ. ವಿಜ್ಞಾನಕ್ಕೇ ಮೀಸಲಾದ ನಿಯತಕಾಲಿಕಗಳಲ್ಲಿ ಇದಕ್ಕಿಂತ ಹಿರಿಯದು ಮತ್ತೊಂದಿಲ್ಲ.

ಓಲ್ಡನ್‌ಬರ್ಗನು ಜರ್ಮನಿಯ ಬ್ರೆಮೆನ್ ನಗರದಲ್ಲಿ ೧೬೧೯ರ ಸುಮಾರಿಗೆ ಜನಿಸಿದನು. ತಂದೆಯದು ಅಧ್ಯಾಪಕ ವೃತ್ತಿ. ಮೂವತ್ತು ವರ್ಷಗಳ ಯುದ್ಧವೆಂದು ಚರಿತ್ರೆಯಲ್ಲಿ ಹೆಸರಾದ ಘೋರ ಕದನವು ಜರ್ಮನಿಯ ನಾಡುಗಳನ್ನು ಸುಡುತ್ತಿದ್ದ ಕಾಲವದು. ಬಾಲಕನು ಹುಟ್ಟೂರಿನಲ್ಲಿಯೇ ಓದಿ, ೧೬೩೯ರಲ್ಲಿ ದೇವತಾಶಾಸ್ತ್ರದಲ್ಲಿ ಪದವಿಯನ್ನು ಪಡೆದನು. ೧೬೪೧ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರಕ್ಕೆ ತೆರಳಿದನು. ಅಲ್ಲಿಂದ ಮುಂದೆ ಹಲವು ವರ್ಷ ಸಿರಿವಂತರ ಮಕ್ಕಳಿಗೆ ಉಪಾಧ್ಯಾಯನಾಗಿ ದೇಶದೇಶಗಳನ್ನು ಸುತ್ತಿದನು. ಈ ಅಲೆದಾಟವೇ ಆತನ ಪಾಲಿಗೆ ಗುರುಕುಲವಾಯಿತು. ಲ್ಯಾಟಿನ್, ಜರ್ಮನ್, ಡಚ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ಭಾಷೆಗಳು ಆತನಿಗೆ ಕರಗತವಾದವು. ಮುಂದಿನ ಮಹಾಕಾರ್ಯಕ್ಕೆ ಇದೇ ಬಂಡವಾಳ.

೧೬೫೩ರಲ್ಲಿ ಇಂಗ್ಲೆಂಡಿಗೂ ಹಾಲೆಂಡಿಗೂ ಸಮುದ್ರಯುದ್ಧ ನಡೆಯುತ್ತಿದ್ದಾಗ, ಬ್ರೆಮೆನ್ ನಗರದ ವರ್ತಕರ ಹಿತವನ್ನು ಕಾಯುವ ಸಲುವಾಗಿ ಆ ನಗರದ ಹಿರಿಯರು ಓಲ್ಡನ್‌ಬರ್ಗನನ್ನು ರಾಯಭಾರಿಯಾಗಿ ಲಂಡನ್ನಿಗೆ ಕಳುಹಿಸಿದರು. ಅಲ್ಲಿ ಆತನಿಗೆ ಮಹಾಕವಿ ಮಿಲ್ಟನ್ನನ ಪರಿಚಯವಾಯಿತು. ಕಣ್ಣು ಕಳೆದುಕೊಂಡಿದ್ದರೂ ಸರಕಾರದ ಲ್ಯಾಟಿನ್ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಆ ಕವಿಯು ಈ ಪರದೇಶಿಯ ಭಾಷಾಪಾಂಡಿತ್ಯಕ್ಕೆ ಮೆಚ್ಚಿದನು. ರಸಾಯನಶಾಸ್ತ್ರದಲ್ಲಿ ಮುಂದೆ ಜಗತ್ಪ್ರಸಿದ್ಧನಾದ ರಾಬರ್ಟ್ ಬಾಯ್ಲನ ಸ್ನೇಹವೂ ಒದಗಿತು. ಬಾಯ್ಲನ ಅಕ್ಕ ರ‍್ಯಾನಲಾ ಪ್ರಭುಪತ್ನಿಯು ತನ್ನ ಮಗ ರಿಚರ್ಡ್ ಜೋನ್ಸನ ವಿದ್ಯಾಭ್ಯಾಸವನ್ನು ಓಲ್ಡನ್‌ಬರ್ಗನಿಗೆ ಒಪ್ಪಿಸಿದಳು.

ಶಿಷ್ಯನನ್ನು ಕರೆದುಕೊಂಡು ಓಲ್ಡನ್‌ಬರ್ಗನು ೧೬೫೬ರಲ್ಲಿ ಆಕ್ಸ್‌ಫರ್ಡಿಗೆ ಹೋದನು. ಅಲ್ಲಿ ಪ್ರಕೃತಿಯನ್ನು ಪ್ರಯೋಗದಿಂದ ಪರೀಕ್ಷಿಸುವ ವಿದ್ವಾಂಸರ ಒಂದು ಗೋಷ್ಠಿ ನಡೆಯುತ್ತಿತ್ತು. ಗ್ರಂಥದಲ್ಲಿದೆಯೆಂದು ಮಾತ್ರಕ್ಕೆ ನಂಬದೆ ಕಣ್ಣಾರೆ ಕಂಡು ಕೈಯಾರೆ ಮಾಡಿ ನೋಡುವ ಅವರ ರೀತಿ ದೇವತಾಶಾಸ್ತ್ರದ ಈ ಪದವೀಧರನ ಮನಸ್ಸನ್ನು ಸೆಳೆಯಿತು. ೧೬೫೭ರಿಂದ ೧೬೬೦ರವರೆಗೆ ಗುರುಶಿಷ್ಯರು ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ಸಂಚರಿಸಿದರು. ಪ್ಯಾರಿಸ್ಸಿನಲ್ಲಿ ಮೋನ್‌ಮೋರ್ ಎಂಬ ಶ್ರೀಮಂತನ ಮನೆಯಲ್ಲಿ ಸೇರುತ್ತಿದ್ದ ವಿದ್ವದ್ಗೋಷ್ಠಿಯಲ್ಲಿ ಓಲ್ಡನ್‌ಬರ್ಗನು ಕುಳಿತು ಆಲಿಸಿದನು. ಒಂದು ನಗರದಲ್ಲಿ ನಡೆದ ಪ್ರಯೋಗವು ಮತ್ತೊಂದು ನಗರದವರಿಗೆ ತಿಳಿಯುವುದೇ ಇಲ್ಲ. ಒಬ್ಬನು ಹತ್ತು ವರ್ಷ ದುಡಿದು ಸಾಧಿಸಿದುದನ್ನು ಇನ್ನೊಬ್ಬನು ಅರಿಯದೆ ಮತ್ತೆ ಮೊದಲಿನಿಂದ ದುಡಿಯುತ್ತಾನೆ. ಈ ಕೊರತೆ ಈ ಪ್ರವಾಸದಲ್ಲಿ ಆತನ ಅನುಭವಕ್ಕೆ ಬಂದಿತು.

೧೬೬೦ರ ನವೆಂಬರ್ ೨೮ರಂದು ಲಂಡನ್ನಿನಲ್ಲಿ ಒಂದು ವಿದ್ವತ್ಸಂಘವು ಸ್ಥಾಪಿತವಾಯಿತು. ೧೬೬೨ರಲ್ಲಿ ದೊರೆ ಎರಡನೆಯ ಚಾರ್ಲ್ಸನು ಅದಕ್ಕೆ ಸನ್ನದನ್ನು ದಯಪಾಲಿಸಿದನು. ಅದೇ ರಾಯಲ್ ಸೊಸೈಟಿ. ಸನ್ನದಿನಲ್ಲಿ ಹೆಸರಿಸಲಾದ ಇಬ್ಬರು ಕಾರ್ಯದರ್ಶಿಗಳಲ್ಲಿ ಓಲ್ಡನ್‌ಬರ್ಗನೂ ಒಬ್ಬನು. ಪದವಿಯೇನೋ ದೊಡ್ಡದು, ಅದಕ್ಕೆ ಸಂಬಳವಿರಲಿಲ್ಲ. ಸಭೆಗಳ ನಡಾವಳಿಯನ್ನು ಬರೆದುಕೊಳ್ಳುವುದು, ಬಂದ ಪತ್ರಗಳನ್ನು ಓದಿ ಹೇಳುವುದು, ಭಾಷಾಂತರಿಸುವುದು, ಪ್ರತಿ ಮಾಡಿಸುವುದು, ಉತ್ತರ ಬರೆಯುವುದು, ಬಂದ ಉತ್ತರಕ್ಕೆ ಮತ್ತೆ ಪ್ರಶ್ನೆಯನ್ನು ಹೂಡುವುದು, ಇಷ್ಟೂ ಕೆಲಸ ಆತನೊಬ್ಬನ ತಲೆಯ ಮೇಲೆ ಬಿದ್ದಿತು. ಡಾನ್ಸಿಗ್ ನಗರದ ಖಗೋಳಜ್ಞ ಹೆವೀಲಿಯಸ್, ಬೊಲೋನಿಯದ ಮಾಲ್ಪೀಗಿ, ಹಾಲೆಂಡಿನ ತತ್ತ್ವಜ್ಞಾನಿ ಸ್ಪಿನೋಜಾ ಮೊದಲಾದವರೆಲ್ಲರೂ ಆತನ ಓಲೆಯ ಬಳಗ.

ಹೊರದೇಶಗಳೊಡನೆ ಇಷ್ಟು ಪತ್ರವ್ಯವಹಾರವಿದ್ದುದು ಅಂದಿನ ರಾಜಕಾರಣದಲ್ಲಿ ಸಂಶಯಕ್ಕೆ ಆಸ್ಪದವಾಗುತ್ತಿತ್ತು. ಅಂಚೆಯ ವೆಚ್ಚವೂ ಬಡ ಕಾರ್ಯದರ್ಶಿಯ ಕೈಮೀರುತ್ತಿತ್ತು. ಇದಕ್ಕೆ ಆತನು ಒಂದು ಉಪಾಯವನ್ನು ಹೂಡಿದನು. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಗ್ರುಬೆಂಡೋಲ್ ಎಂಬ ಸುಳ್ಳು ಹೆಸರನ್ನು ರಚಿಸಿ, ಹೊರದೇಶದ ಮಿತ್ರರು ಆ ಹೆಸರಿಗೆ ಪತ್ರ ಬರೆಯುವಂತೆ ಏರ್ಪಾಟು ಮಾಡಿದನು. ಆ ವಿಳಾಸದ ಪತ್ರಗಳು ರಾಜ್ಯಕಾರ್ಯದರ್ಶಿಯ ಕಚೇರಿಯ ಮೂಲಕ ಆತನ ಕೈಸೇರುತ್ತಿದ್ದವು. ಅದಕ್ಕೆ ಪ್ರತಿಯಾಗಿ ಅವುಗಳಲ್ಲಿ ಬಂದ ರಾಜಕೀಯ ವರ್ತಮಾನವನ್ನು ಕಚೇರಿಗೆ ತಿಳಿಸಬೇಕಾಗಿತ್ತು. ವಿದ್ಯೆಯನ್ನು ಅಕ್ಷರದ ಒಗಟಿನಿಂದ ಬಿಡಿಸಹೊರಟವನು ತನ್ನ ಹೆಸರನ್ನೇ ಒಗಟಾಗಿಸಿಕೊಳ್ಳಬೇಕಾದುದು ಕಾಲದ ವೈಚಿತ್ರ್ಯ.

ಎಷ್ಟು ಬರೆದರೂ ಒಬ್ಬನು ಬರೆಯಬಹುದಾದ ಪತ್ರಗಳಿಗೆ ಮಿತಿಯುಂಟು. ಒಂದೇ ಸಂಗತಿಯನ್ನು ಇಪ್ಪತ್ತು ಮಂದಿಗೆ ಇಪ್ಪತ್ತು ಸಲ ಬರೆಯುವ ಬದಲು ಅದನ್ನು ಅಚ್ಚುಹಾಕಿಸಿದರೆ ಸಾವಿರ ಮಂದಿಗೆ ಒಮ್ಮೆಗೇ ತಲಪುವುದಲ್ಲವೆ? ಪ್ಯಾರಿಸ್ಸಿನಲ್ಲಿ ದೆನಿ ದ ಸಾಲೋ ಎಂಬುವನು ೧೬೬೫ರ ಜನವರಿ ೫ರಂದು ಒಂದು ವಿದ್ವತ್ಪತ್ರಿಕೆಯನ್ನು ಆರಂಭಿಸಿದ್ದನು. ಅದರಲ್ಲಿ ಗ್ರಂಥವಿಮರ್ಶೆ, ನ್ಯಾಯತೀರ್ಪು, ಧರ್ಮವಿಚಾರ ಎಲ್ಲವೂ ಬೆರೆತಿದ್ದವು. ಓಲ್ಡನ್‌ಬರ್ಗನು ಪ್ರಕೃತಿಶಾಸ್ತ್ರಕ್ಕೇ ಮೀಸಲಾದ ಪತ್ರಿಕೆಯೊಂದನ್ನು ಸಂಕಲ್ಪಿಸಿದನು. ರಾಯಲ್ ಸೊಸೈಟಿಯ ಆಡಳಿತ ಮಂಡಲಿಯು ಮಾರ್ಚ್ ೧ರಂದು ಅದಕ್ಕೆ ಸಮ್ಮತಿಯಿತ್ತಿತು. ಸಾಕಷ್ಟು ವಿಷಯ ದೊರೆತರೆ ಪ್ರತಿ ತಿಂಗಳ ಮೊದಲ ಸೋಮವಾರ ಅಚ್ಚಾಗಬೇಕು. ಅಚ್ಚಿಗೆ ಮುನ್ನ ಮಂಡಲಿಯ ಕೆಲವು ಸದಸ್ಯರು ಪರಿಶೀಲಿಸಬೇಕು. ಇವು ಮಂಡಲಿಯು ವಿಧಿಸಿದ ನಿಬಂಧನೆಗಳು. ಲಾಭನಷ್ಟಗಳ ಹೊಣೆಯೆಲ್ಲ ಓಲ್ಡನ್‌ಬರ್ಗನದು. ಪತ್ರಿಕೆಯು ಸಂಘದ ಸ್ವತ್ತಾಗಿರಲಿಲ್ಲ. ಆತನ ಸ್ವಂತ ಸಾಹಸವಾಗಿತ್ತು.

೧೬೬೫ರ ಮಾರ್ಚ್ ೬ರಂದು ಹದಿನಾರು ಪುಟಗಳ ಮೊದಲ ಸಂಚಿಕೆಯು ಹೊರಬಂದಿತು. ರೋಮಿನಲ್ಲಿ ಮಸೂರಗಳ ತಯಾರಿಕೆಯಲ್ಲಾದ ಸುಧಾರಣೆ, ಗುರುಗ್ರಹದ ಮೇಲೆ ರಾಬರ್ಟ್ ಹುಕ್ ಕಂಡ ಒಂದು ಮಚ್ಚೆ, ಧೂಮಕೇತುವಿನ ಚಲನೆ, ಶೀತವನ್ನು ಕುರಿತ ಬಾಯ್ಲನ ಪ್ರಯೋಗಗಳು, ಜರ್ಮನಿಯ ಸೀಸದ ಅದಿರು, ವಿಕಾರವಾಗಿ ಹುಟ್ಟಿದ ಒಂದು ಕರು, ಬರ್ಮುಡಾ ದ್ವೀಪಗಳ ತಿಮಿಂಗಿಲಬೇಟೆ, ಸಮುದ್ರಯಾನದಲ್ಲಿ ರೇಖಾಂಶವನ್ನು ಅರಿಯಲು ಲೋಲಕದ ಗಡಿಯಾರದ ಬಳಕೆ ಮುಂತಾದುವು ಅದರಲ್ಲಿದ್ದವು. ಇಂದಿನ ಓದುಗನಿಗೆ ಇದು ಸಂತೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ವಿಜ್ಞಾನದ ಶಾಖೆಗಳು ಇನ್ನೂ ಬೇರ್ಪಡದ ಕಾಲದಲ್ಲಿ ಯಾವುದು ಕಾಳು ಯಾವುದು ಜೊಳ್ಳು ಎಂಬುದನ್ನು ಕೇರಿ ನೋಡಿಯೇ ತಿಳಿಯಬೇಕಾಗಿತ್ತು. ಆ ಮೊರವನ್ನು ಲೋಕದ ಕೈಗೆ ಕೊಟ್ಟವನು ಓಲ್ಡನ್‌ಬರ್ಗ್.

ಈ ಪತ್ರಿಕೆಯಿಂದ ಮೂರು ಸತ್ಸಂಪ್ರದಾಯಗಳು ಬೇರೂರಿದವು. ಯಾರು ಯಾವಾಗ ತಿಳಿಸಿದರೆಂಬುದು ದಿನಾಂಕದೊಡನೆ ದಾಖಲೆಯಾದುದರಿಂದ, ಮೊದಲು ಕಂಡವನ ಹಕ್ಕಿಗೆ ಮುಚ್ಚುಮರೆ ಬೇಕಿಲ್ಲದಂತಾಯಿತು, ಇದು ಮೊದಲನೆಯದು. ಬಲ್ಲವರು ನೋಡಿದ ಮೇಲೆಯೇ ಅಚ್ಚಿಗೆ ಹೋಗಬೇಕೆಂಬುದು ಎರಡನೆಯದು. ಇದು ಅಂದು ಬೀಜರೂಪದಲ್ಲಿದ್ದು ಮುಂದೆ ಹೆಮ್ಮರವಾಯಿತು. ಅಚ್ಚಾದುದನ್ನು ಯಾರು ಬೇಕಾದರೂ ಮಾಡಿ ನೋಡಿ, ಸರಿಯಿಲ್ಲದಿದ್ದರೆ ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಬಹುದೆಂಬುದು ಮೂರನೆಯದು. ಅಡಗಿಸಿಟ್ಟವನಿಗೆ ಕೀರ್ತಿಯೆಂಬ ಹಳೆಯ ರೂಢಿ ಹಿಂಜರಿದು, ಹಂಚಿಕೊಂಡವನಿಗೆ ಕೀರ್ತಿಯೆಂಬ ಹೊಸ ರೂಢಿ ನೆಲೆಗೊಳ್ಳತೊಡಗಿತು.

ಆದರೆ ಹುಟ್ಟಿದ ಕೂಸಿಗೆ ಹುಟ್ಟಿದ ವರ್ಷದಲ್ಲಿಯೇ ಗಂಡಾಂತರ ಬಂದಿತು. ೧೬೬೫ರ ಬೇಸಗೆಯಲ್ಲಿ ಪ್ಲೇಗುಮಾರಿಯು ಲಂಡನ್ನನ್ನು ಮುತ್ತಿತು. ಆ ವರ್ಷ ನಗರದಲ್ಲಿ ಲೆಕ್ಕಕ್ಕೆ ಸಿಕ್ಕಿದ ಪ್ಲೇಗಿನ ಸಾವುಗಳೇ ೬೮ ಸಾವಿರವನ್ನು ಮೀರಿದವು. ದೊರೆಯೂ ಸಿರಿವಂತರೂ ಸಂಘದ ಸದಸ್ಯರಲ್ಲಿ ಬಹುಮಂದಿಯೂ ಊರು ಬಿಟ್ಟರು, ಸಭೆಗಳು ನಿಂತವು. ಎರಡು ವರ್ಷದ ಹಿಂದೆಯಷ್ಟೇ ಓಲ್ಡನ್‌ಬರ್ಗನ ಕೈಹಿಡಿದಿದ್ದ ಪತ್ನಿ ಡೊರೊಥಿಯು ಆ ೧೬೬೫ರಲ್ಲಿಯೇ ತೀರಿಕೊಂಡಿದ್ದಳು. ಆದರೂ ಓಲ್ಡನ್‌ಬರ್ಗನು ಊರು ಬಿಡಲಿಲ್ಲ. ತನಗೇನಾದರೂ ಆದರೆ ಸಂಘದ ಕಾಗದಪತ್ರಗಳು ಚೆಲ್ಲಾಪಿಲ್ಲಿಯಾಗಬಾರದೆಂದು ಅವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರಿಸುವ ಯೋಚನೆ ಮಾಡಿ, ಎಂದಿನಂತೆ ಪತ್ರ ಬರೆಯುತ್ತ ಕುಳಿತನು. ಲಂಡನ್ನಿನಲ್ಲಿ ಅಚ್ಚಿನ ಕೆಲಸ ನಡೆಯದಾದಾಗ ಆರು, ಏಳು, ಎಂಟನೆಯ ಸಂಚಿಕೆಗಳು ಆಕ್ಸ್‌ಫರ್ಡಿನಲ್ಲಿ ಮುದ್ರಿತವಾದವು.

ಮಾರಿಯು ತಗ್ಗುವಷ್ಟರಲ್ಲಿ ೧೬೬೬ರ ಸೆಪ್ಟೆಂಬರಿನಲ್ಲಿ ಮಹಾ ಅಗ್ನಿಯು ಲಂಡನ್ನನ್ನು ದಹಿಸಿತು. ಸಂತ ಪಾಲನ ದೇವಾಲಯದ ಸುತ್ತಮುತ್ತಲಿದ್ದ ಪುಸ್ತಕವ್ಯಾಪಾರಿಗಳ ದಾಸ್ತಾನು ಬೂದಿಯಾಯಿತು. ಪತ್ರಿಕೆಯನ್ನು ಪ್ರಕಟಿಸುತ್ತಿದ್ದ ಮಾರ್ಟಿನ್ ಮತ್ತು ಆಲೆಸ್ಟ್ರಿ ಎಂಬ ವ್ಯಾಪಾರಿಗಳು ಅಪಾರ ನಷ್ಟಕ್ಕೆ ಗುರಿಯಾದರು. ಪತ್ರಿಕೆಯಿಂದ ಜೀವನ ಸಾಗೀತೆಂಬ ಓಲ್ಡನ್‌ಬರ್ಗನ ಆಸೆಯೂ ಅದರೊಡನೆ ಬಾಡಿತು. ಅದರ ವರಮಾನವು ವರ್ಷಕ್ಕೆ ಸುಮಾರು ೪೦ ಪೌಂಡಿನ ಮೇಲೆ ಏರಲಿಲ್ಲ. ಮನೆಯ ಬಾಡಿಗೆಯನ್ನು ಕಳೆದರೆ ಉಳಿಯುತ್ತಿದ್ದುದು ಅತ್ಯಲ್ಪ. ಸಂಘವು ಆತನಿಗೆ ವರ್ಷಕ್ಕೆ ೪೦ ಪೌಂಡುಗಳ ಸಂಬಳವನ್ನು ಗೊತ್ತುಮಾಡಿದುದು ೧೬೬೯ರಲ್ಲಿ, ಏಳು ವರ್ಷ ಬಿಟ್ಟಿ ದುಡಿದ ತರುವಾಯ.

ಅಗ್ನಿಗಿಂತಲೂ ದೊಡ್ಡ ಆಪತ್ತು ಕಾದಿತ್ತು. ಇಂಗ್ಲೆಂಡಿಗೂ ಹಾಲೆಂಡಿಗೂ ಮತ್ತೆ ಯುದ್ಧ ಹೊತ್ತಿ, ೧೬೬೭ರ ಜೂನ್ ತಿಂಗಳಲ್ಲಿ ಡಚ್ಚರ ನೌಕಾಪಡೆಯು ಮೆಡ್ವೆ ನದಿಯೊಳಕ್ಕೇ ನುಗ್ಗಿ ಇಂಗ್ಲಿಷ್ ಹಡಗುಗಳನ್ನು ಸುಟ್ಟಿತು. ರಾಜಧಾನಿಯಲ್ಲಿ ಭೀತಿ ಹಬ್ಬಿತು. ಹೊರದೇಶಗಳಿಂದ ಮೂಟೆಗಟ್ಟಲೆ ಪತ್ರ ತರಿಸುವ, ಜರ್ಮನಿಯಲ್ಲಿ ಹುಟ್ಟಿದ ಮನುಷ್ಯನ ಮೇಲೆ ಗುಮಾನಿ ಬೀಳಲು ಇನ್ನೇನು ಬೇಕು? ಯುದ್ಧವನ್ನು ನಡೆಸುತ್ತಿದ್ದ ರೀತಿಯನ್ನು ಆಕ್ಷೇಪಿಸಿ ಹೊರದೇಶದ ಪತ್ರವೊಂದರಲ್ಲಿ ಆತನು ಬರೆದಿದ್ದುದೂ ಅಧಿಕಾರಿಗಳ ಕಣ್ಣಿಗೆ ಬಿದ್ದಿತ್ತು. ಜೂನ್ ೨೦ರಂದು ಆತನನ್ನು ಲಂಡನ್ ಗೋಪುರದ ಸೆರೆಮನೆಗೆ ತಳ್ಳಿದರು. ರಾಜದ್ರೋಹಿಗಳನ್ನು ಇಡುತ್ತಿದ್ದ ಆ ಕೋಟೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ಕಳೆದು, ಯುದ್ಧ ಮುಗಿದು ಸಂಧಿಯಾದ ಮೇಲೆ ಆಗಸ್ಟ್ ೨೬ರಂದು ಓಲ್ಡನ್‌ಬರ್ಗನು ಬಿಡುಗಡೆ ಹೊಂದಿದನು.

ಬಿಡುಗಡೆಯಾದವನ ಬಾಳು ಸುಗಮವಾಗಿರಲಿಲ್ಲ. ಸೆರೆಮನೆಯು ತನ್ನ ನಿಜವಾದ ಮಿತ್ರರು ಯಾರು, ಮಿತ್ರರ ವೇಷದವರು ಯಾರು ಎಂಬುದನ್ನು ತನಗೆ ತಿಳಿಸಿಕೊಟ್ಟಿತೆಂದು ಆತನು ಬಾಯ್ಲನಿಗೆ ಬರೆದುಕೊಂಡನು. ಈ ಹೊತ್ತಿನಲ್ಲಿ ಲೇಖನಿಯನ್ನು ಕೆಳಗಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ಸಂಬಳವಿಲ್ಲದ ಕೆಲಸ, ಲಾಭವಿಲ್ಲದ ಪತ್ರಿಕೆ, ಅದರ ಮೇಲೆ ಗೂಢಚಾರನೆಂಬ ಅಪವಾದ! ಆದರೆ ಓಲ್ಡನ್‌ಬರ್ಗನು ಅದೇ ವರ್ಷ ಮತ್ತೆ ಪತ್ರಿಕೆಯನ್ನು ಹೊರತಂದನು. ಆ ಡಿಸೆಂಬರಿನಲ್ಲಿಯೇ ಮಾಲ್ಪೀಗಿಗೆ ಪತ್ರ ಬರೆದು ಆತನ ಸಂಶೋಧನೆಗಳನ್ನು ಸಂಘಕ್ಕೆ ಆಹ್ವಾನಿಸಿದನು. ಅದರ ಫಲವಾಗಿ ರೇಷ್ಮೆಹುಳುವಿನ ಅಂಗರಚನೆಯನ್ನು ಕುರಿತ ಮಾಲ್ಪೀಗಿಯ ಗ್ರಂಥವು ೧೬೬೯ರಲ್ಲಿ ಲಂಡನ್ನಿನಲ್ಲಿ ಬೆಳಕು ಕಂಡಿತು. ೧೬೬೮ರಲ್ಲಿ ಓಲ್ಡನ್‌ಬರ್ಗನು ಡೋರಾ ಕ್ಯಾಥರೀನ ಎಂಬಾಕೆಯನ್ನು ಮದುವೆಯಾಗಿ ಮತ್ತೆ ಮನೆಯೊಂದನ್ನು ಕಟ್ಟಿಕೊಂಡನು.

ಕೇಂಬ್ರಿಜ್ಜಿನಲ್ಲಿ ಒಬ್ಬ ಏಕಾಂತಪ್ರಿಯ ತರುಣ ಪ್ರಾಧ್ಯಾಪಕನಿದ್ದನು. ಆತನ ಹೆಸರು ಐಸಾಕ್ ನ್ಯೂಟನ್. ದರ್ಪಣವನ್ನು ಬಳಸಿ ಆತನು ರಚಿಸಿದ ಪುಟ್ಟ ದೂರದರ್ಶಕವೊಂದು ೧೬೭೧ರ ಕೊನೆಯಲ್ಲಿ ಸಂಘಕ್ಕೆ ಬಂದಿತು. ಓಲ್ಡನ್‌ಬರ್ಗನು ಒಡನೆಯೇ ಅದರ ವಿವರವನ್ನು ಪ್ಯಾರಿಸ್ಸಿನಲ್ಲಿದ್ದ ಹೈಗೆನ್ಸನಿಗೆ ಕಳುಹಿಸಿ, ಪರರು ತಮ್ಮದೆಂದು ಹೇಳಿಕೊಳ್ಳದಂತೆ ನ್ಯೂಟನ್ನನ ಹಕ್ಕನ್ನು ಭದ್ರಪಡಿಸಿದನು. ಈ ವಿಶ್ವಾಸದಿಂದ ಉತ್ತೇಜಿತನಾದ ನ್ಯೂಟನ್ನನು ೧೬೭೨ರ ಫೆಬ್ರವರಿ ೬ರಂದು ಬೆಳಕು ಮತ್ತು ಬಣ್ಣಗಳನ್ನು ಕುರಿತು ಒಂದು ಪತ್ರ ಬರೆದನು. ಬಿಳಿಯ ಬೆಳಕು ಶುದ್ಧವೂ ಏಕವೂ ಆದುದಲ್ಲ, ಬೇರೆಬೇರೆ ಪ್ರಮಾಣದಲ್ಲಿ ಬಾಗುವ ಕಿರಣಗಳ ಸಮೂಹ ಎಂಬುದು ಅದರ ಪ್ರತಿಪಾದನೆ. ಹದಿಮೂರೇ ದಿನಗಳಲ್ಲಿ, ಫೆಬ್ರವರಿ ೧೯ರ ಸಂಚಿಕೆಯಲ್ಲಿ ಅದು ಅಚ್ಚಾಯಿತು.

ಅಚ್ಚಾದೊಡನೆ ಆಕ್ಷೇಪಗಳ ಮಳೆ ಸುರಿಯಿತು. ಲಂಡನ್ನಿನ ಹುಕ್, ಪ್ಯಾರಿಸ್ಸಿನ ಪಾರ್ದಿ, ಹೈಗೆನ್ಸ್, ಲೀಜ್ ನಗರದ ಲೈನಸ್ ಒಬ್ಬರಾದ ಮೇಲೊಬ್ಬರು ಪ್ರಶ್ನಿಸಿದರು. ಓಲ್ಡನ್‌ಬರ್ಗನು ಪ್ರಶ್ನೆಯನ್ನೂ ಉತ್ತರವನ್ನೂ ಒಟ್ಟೊಟ್ಟಿಗೆ ಲೋಕದ ಮುಂದಿಟ್ಟನು. ಬೇಸತ್ತ ನ್ಯೂಟನ್ನನು ೧೬೭೩ರಲ್ಲಿ ಸಂಘದ ಸದಸ್ಯತ್ವವನ್ನೇ ಬಿಡಲು ಹೊರಟಾಗ, ಚಂದಾ ಹಣದಿಂದ ವಿನಾಯಿತಿ ಕೊಡಿಸುವ ಮಾತನಾಡಿ ಆತನನ್ನು ಉಳಿಸಿಕೊಂಡವನೂ ಓಲ್ಡನ್‌ಬರ್ಗನೇ. ಮಹಾಪ್ರತಿಭೆಯುಳ್ಳವನೂ ಆಕ್ಷೇಪಕ್ಕೆ ಹೊಣೆಗಾರನೆಂಬ ನಿಯಮವು ನ್ಯೂಟನ್ನನಿಗೆ ಕಹಿಯಾಯಿತು. ವಿಜ್ಞಾನಕ್ಕೆ ಅದೇ ಔಷಧವಾಯಿತು.

ಪಂಡಿತರಿಗೆ ಮಾತ್ರ ಈ ಪತ್ರಿಕೆಯಲ್ಲಿ ಮಣೆಯೆಂದು ತಿಳಿಯಬಾರದು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯಿದ್ದನು. ವಿಶ್ವವಿದ್ಯಾನಿಲಯದ ಮೆಟ್ಟಲನ್ನು ಹತ್ತಿದವನಲ್ಲ; ಲ್ಯಾಟಿನ್ ಅರಿಯನು; ಮನೆಮಾತಾದ ಡಚ್ಚಲ್ಲದೆ ಬೇರೆ ಭಾಷೆಯಿಲ್ಲ. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಿಂದ ಆತನು ಕಂಡದ್ದನ್ನು ಓಲ್ಡನ್‌ಬರ್ಗನು ೧೬೭೩ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದನು. ಮಳೆನೀರಿನಲ್ಲಿಯೂ ಮೆಣಸು ನೆನೆಹಾಕಿದ ನೀರಿನಲ್ಲಿಯೂ ಕಣ್ಣಿಗೆ ಕಾಣದ ಅಸಂಖ್ಯಾತ ಜೀವಿಗಳು ಚಲಿಸುತ್ತಿರುವುದನ್ನು ವರ್ಣಿಸಿ ಆ ವ್ಯಾಪಾರಿಯು ೧೬೭೬ರ ಅಕ್ಟೋಬರ್ ೯ರಂದು ಬರೆದ ಪತ್ರವನ್ನು ಓಲ್ಡನ್‌ಬರ್ಗನು ಸ್ವತಃ ಇಂಗ್ಲಿಷಿಗೆ ತಂದು, ಸಂಕ್ಷೇಪಿಸಿ, ೧೬೭೭ರ ಮಾರ್ಚ್ ಸಂಚಿಕೆಯಲ್ಲಿ ಅಚ್ಚುಹಾಕಿಸಿದನು. ಸೂಕ್ಷ್ಮಜೀವಿಶಾಸ್ತ್ರವು ಲೋಕಕ್ಕೆ ಕಣ್ಣು ತೆರೆದುದು ಹೀಗೆ. ಲೇವನ್‌ಹುಕ್ ೧೭೨೩ರಲ್ಲಿ ಮರಣಹೊಂದುವವರೆಗೂ ಆ ಸಂಘಕ್ಕೆ ಬರೆಯುತ್ತಲೇ ಇದ್ದನು.

ಹಳೆಯ ರೂಢಿಯು ಪೂರ್ತಿ ಅಳಿದಿತ್ತೆಂದಲ್ಲ. ೧೬೭೬ರಲ್ಲಿ ಜರ್ಮನಿಯ ಲೈಬ್ನಿಟ್ಸನಿಗೆ ನ್ಯೂಟನ್ನನು ಗಣಿತವಿಚಾರವಾಗಿ ಎರಡು ಪತ್ರಗಳನ್ನು ಬರೆದನು; ಎರಡೂ ಓಲ್ಡನ್‌ಬರ್ಗನ ಕೈಯ ಮೂಲಕವೇ ಹೋದವು. ಅದರಲ್ಲಿ ಎರಡನೆಯದರಲ್ಲಿ ನ್ಯೂಟನ್ನನು ಕಲನಶಾಸ್ತ್ರದ ತಿರುಳನ್ನು ಹಿಂದಿನ ಗೆಲಿಲಿಯೋವಿನಂತೆಯೇ ಅಕ್ಷರದ ಒಗಟಿನಲ್ಲಿ ಅಡಗಿಸಿಬಿಟ್ಟನು. ಮುಂದೆ ಆ ಶಾಸ್ತ್ರವನ್ನು ಮೊದಲು ಕಂಡವರು ಯಾರೆಂದು ಇಬ್ಬರ ನಡುವೆ ಹುಟ್ಟಿದ ವ್ಯಾಜ್ಯವು ಅವರ ಕೊನೆಗಾಲವನ್ನೆಲ್ಲ ಕಹಿಯಾಗಿಸಿತು. ಇಂಗ್ಲೆಂಡಿನ ಗಣಿತಜ್ಞರನ್ನು ಯೂರೋಪಿನ ಗಣಿತಜ್ಞರಿಂದ ಬಹುಕಾಲ ದೂರವಿರಿಸಿತು. ಬೆಳಕಿನ ವಿಚಾರವನ್ನು ಹದಿಮೂರು ದಿನಗಳಲ್ಲಿ ಅಚ್ಚಿಗೆ ಕೊಟ್ಟ ಕಡೆ, ಯಾರು ಮೊದಲಿಗರೆಂಬ ಸಂಶಯ ಉಳಿಯಲಿಲ್ಲ. ಒಗಟಿನಲ್ಲಿ ಮುಚ್ಚಿಟ್ಟ ಕಡೆ ಜಗಳ ಉಳಿಯಿತು. ಓಲ್ಡನ್‌ಬರ್ಗನ ಮಾರ್ಗದ ಯುಕ್ತತೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆತನು ದೋಷರಹಿತನಾಗಿದ್ದನೆಂದು ಹೇಳುವಂತಿಲ್ಲ. ಉತ್ತರವನ್ನು ಹೊರಡಿಸುವ ಸಲುವಾಗಿ ಒಬ್ಬ ವಿದ್ವಾಂಸನ ಮಾತನ್ನು ಇನ್ನೊಬ್ಬನಿಗೆ ತಿಳಿಸಿ ಸ್ಪರ್ಧೆಯನ್ನು ಕೆರಳಿಸುತ್ತಿದ್ದುದುಂಟು. ಈ ಗುಣವೇ ಹುಕ್ಕನ ಕೋಪಕ್ಕೆ ಕಾರಣವಾಯಿತು. ೧೬೭೫ರಲ್ಲಿ ಹೈಗೆನ್ಸನು ಸುರುಳಿಯ ತಂತಿಯಿಂದ ನಿಯಂತ್ರಿತವಾಗುವ ಗಡಿಯಾರವನ್ನು ಪ್ರಕಟಿಸಿದಾಗ, ಅದು ತನ್ನ ಹಳೆಯ ಉಪಾಯವೆಂದೂ ಓಲ್ಡನ್‌ಬರ್ಗನೇ ಅದನ್ನು ಪರದೇಶಕ್ಕೆ ಸೋರಿಬಿಟ್ಟನೆಂದೂ ಹುಕ್ ಬಹಿರಂಗವಾಗಿ ದೂಷಿಸಿದನು. ಗೂಢಚಾರನೆಂಬ ಹಳೆಯ ಅಪವಾದವು ಈ ಬಾರಿ ಸಹೋದ್ಯೋಗಿಯ ಬಾಯಿಂದಲೇ ಬಂದಿತು. ಸಂಘದ ಆಡಳಿತ ಮಂಡಲಿಯು ವಿಚಾರಿಸಿ, ೧೬೭೬ರ ನವೆಂಬರಿನಲ್ಲಿ ಓಲ್ಡನ್‌ಬರ್ಗನ ಪ್ರಾಮಾಣಿಕತೆಯನ್ನು ಎತ್ತಿಹಿಡಿದು ಘೋಷಣೆಯನ್ನು ಹೊರಡಿಸಿತು.

ಆ ನೆಮ್ಮದಿಯನ್ನು ಅನುಭವಿಸಲು ಆಯುಸ್ಸು ಉಳಿದಿರಲಿಲ್ಲ. ೧೬೭೭ರ ಸೆಪ್ಟೆಂಬರ್ ೫ರಂದು ಅಲ್ಪಕಾಲದ ಅಸ್ವಸ್ಥತೆಯಿಂದ ಓಲ್ಡನ್‌ಬರ್ಗನು ಅಸುನೀಗಿದನು. ಹನ್ನೆರಡು ದಿನಗಳಲ್ಲಿ ಆತನ ಪತ್ನಿಯೂ ತೀರಿಕೊಂಡಳು. ರೂಪರ್ಟ್, ಸೋಫಿಯಾ ಎಂಬ ಎರಡು ಹಸುಗೂಸುಗಳು ಅನಾಥವಾದವು. ಆಸ್ತಿಯೆಂಬುದೇನೂ ಹೇಳಿಕೊಳ್ಳುವಂತಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಸಂಪಾದಿಸಿದ ೧೩೬ ಸಂಚಿಕೆಗಳು ಮತ್ತು ರಾಶಿರಾಶಿ ಪತ್ರಗಳು, ಇವಿಷ್ಟೇ ಆತನು ಬಿಟ್ಟುಹೋದ ಐಶ್ವರ್ಯ.

ಓಲ್ಡನ್‌ಬರ್ಗನು ಎಂಥ ಭಾರವನ್ನು ಹೊತ್ತಿದ್ದನೆಂಬುದು ಆತನು ಹೋದ ಮೇಲೆ ತಿಳಿಯಿತು. ಗ್ರೂ ಎಂಬ ಸಸ್ಯಶಾಸ್ತ್ರಜ್ಞನು ಕೆಲವು ಸಂಚಿಕೆಗಳನ್ನು ಹೊರತಂದನಾದರೂ ೧೬೭೯ರಲ್ಲಿ ಪತ್ರಿಕೆ ನಿಂತಿತು. ಹುಕ್ಕನು ಅದರ ಬದಲಿಗೆ ಬೇರೊಂದನ್ನು ಆರಂಭಿಸಿದನು. ಅದು ಏಳು ಸಂಚಿಕೆಗಳಿಗೇ ಮುಗಿಯಿತು. ೧೬೮೩ರಲ್ಲಿ ಪ್ಲಾಟ್ ಎಂಬ ವಿದ್ವಾಂಸನು ಓಲ್ಡನ್‌ಬರ್ಗನ ಪತ್ರಿಕೆಗೇ ಮರುಜೀವವಿತ್ತನು. ಧೂಮಕೇತುವಿನಿಂದ ಪ್ರಖ್ಯಾತನಾದ ಹ್ಯಾಲಿಯೂ ಕೆಲವು ಕಾಲ ಅದರ ಸಂಪಾದಕನಾಗಿದ್ದನು. ಕಾಳಿನೊಡನೆ ಜೊಳ್ಳೂ ಸೇರುತ್ತಿದೆಯೆಂದು ೧೭೫೧ರಲ್ಲಿ ಜಾನ್ ಹಿಲ್ ಎಂಬುವನು ಅದನ್ನು ಗೇಲಿಮಾಡಿ ಗ್ರಂಥವನ್ನೇ ಬರೆದನು. ಮರುವರ್ಷವೇ, ೧೭೫೨ರಲ್ಲಿ, ರಾಯಲ್ ಸೊಸೈಟಿಯು ಪತ್ರಿಕೆಯ ಹೊಣೆಯನ್ನು ತಾನೇ ವಹಿಸಿಕೊಂಡು ಲೇಖನಗಳನ್ನು ಆಯಲು ಸಮಿತಿಯೊಂದನ್ನು ನಿಯಮಿಸಿತು. ನಿಂದೆಯೂ ಒಮ್ಮೊಮ್ಮೆ ಗುಣಕ್ಕೆ ದಾರಿಯಾಗುತ್ತದೆ. ೧೮೩೨ರಿಂದ ತಜ್ಞರ ಲಿಖಿತ ಅಭಿಪ್ರಾಯವನ್ನು ಪಡೆಯುವ ಪದ್ಧತಿ ಬಳಕೆಗೆ ಬಂದಿತು. ೧೮೮೭ರಲ್ಲಿ ಭೌತವಿಜ್ಞಾನಕ್ಕೊಂದು ಜೀವವಿಜ್ಞಾನಕ್ಕೊಂದು ಎಂದು ಪತ್ರಿಕೆಯು ಎರಡು ಕವಲಾಯಿತು.

ಆ ಪತ್ರಿಕೆಯ ಪುಟಗಳಿಗೂ ಕನ್ನಡನಾಡಿಗೂ ನಂಟು ಇಲ್ಲದಿಲ್ಲ. ಭಾರತದಿಂದ ಮುಂಬಯಿಯ ಮೂಲಕ ಇಂಗ್ಲೆಂಡಿಗೆ ಹೋದ ಒಂದು ಬಗೆಯ ಅಪೂರ್ವ ಲೋಹವನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ೧೭೯೫ರಲ್ಲಿ ಅದರಲ್ಲಿ ಲೇಖನವನ್ನು ಪ್ರಕಟಿಸಿದನು. ಲೋಹದ ಹೆಸರು ವೂಟ್ಸ್. ಇದು ಕನ್ನಡದ ಉಕ್ಕು ಎಂಬ ಶಬ್ದದ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಮತ. ಹಳ್ಳಿಯ ಕುಲುಮೆಯಲ್ಲಿ ತಲೆಮಾರುಗಳಿಂದ ಅಡಗಿದ್ದ ಮರ್ಮವನ್ನು ಅರಸುತ್ತ ಮುಂದೆ ಫ್ಯಾರಡೆಯಂಥ ಮಹಾವಿಜ್ಞಾನಿಯೂ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ, ೧೮೨೨ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದನು. ಕಮ್ಮಾರನ ಕೈಯ ಹದವನ್ನು ಕಮ್ಮಾರನೇ ಬರೆದಿಟ್ಟಿದ್ದರೆ ಆ ಶೋಧಕರು ಅಷ್ಟು ಬಳಸುದಾರಿಯನ್ನು ತುಳಿಯಬೇಕಾಗುತ್ತಿರಲಿಲ್ಲ. ೧೮೦೪ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಆಧಾರರೇಖೆಯನ್ನು ಅಳೆದು, ದಕ್ಷಿಣದ ತುದಿಯಿಂದ ಸುಮಾರು ಹತ್ತು ಅಂಶಗಳಷ್ಟು ಉದ್ದಕ್ಕೆ ಭೂಮಿಯ ಕಮಾನನ್ನು ಅಳತೆಮಾಡಿದ ವಿಲಿಯಂ ಲ್ಯಾಂಬ್ಟನ್ನನ ಫಲಿತಾಂಶಗಳ ಸಾರಾಂಶವು ೧೮೧೮ರಲ್ಲಿ ಪ್ರಕಟವಾದುದೂ ಅಲ್ಲಿಯೇ.

ಓಲ್ಡನ್‌ಬರ್ಗನ ಪತ್ರಗಳನ್ನು ಹಾಲ್ ದಂಪತಿಗಳು ೧೯೬೫ರಿಂದ ೧೯೮೬ರವರೆಗೆ ಹದಿಮೂರು ಸಂಪುಟಗಳಲ್ಲಿ ಸಂಪಾದಿಸಿ ಹೊರತಂದರು. ೨೦೧೫ರಲ್ಲಿ ಪತ್ರಿಕೆಯು ಮುನ್ನೂರೈವತ್ತು ವರ್ಷಗಳನ್ನು ಪೂರೈಸಿತು. ಇಂದು ಜಗತ್ತಿನಲ್ಲಿ ಸಾವಿರಾರು ವಿಜ್ಞಾನಪತ್ರಿಕೆಗಳುಂಟು. ಅವುಗಳಲ್ಲಿ ಎಷ್ಟೋ ಪತ್ರಿಕೆಗಳ ಲೇಖನಗಳಲ್ಲಿ ಅದು ಕೈಸೇರಿದ ದಿನ, ತಜ್ಞರು ನೋಡಿ ಒಪ್ಪಿದ ದಿನ ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ಯಾರೂ ನಿಂತು ಓದದ ಆ ಸಾಲೇ ಓಲ್ಡನ್‌ಬರ್ಗನ ನಿಜವಾದ ಸ್ಮಾರಕ.

ತಾನು ಕಂಡುದನ್ನು ಹೇಳುವವನು ವಿದ್ವಾಂಸನು. ಪರರು ಕಂಡುದನ್ನು ಅವರ ಹೆಸರಿನಲ್ಲಿಯೇ, ಕೂಡಿಸದೆ ಕಳೆಯದೆ, ಅನ್ಯರಿಗೆ ಮುಟ್ಟಿಸುವವನು ವಿದ್ವಾಂಸರಿಗೂ ಬೇಕಾದವನು. ಒಬ್ಬನೇ ಕುಳಿತು ಓದುವ ವಿದ್ಯಾರ್ಥಿಯು ತನ್ನ ಟಿಪ್ಪಣಿಯನ್ನು ಪಕ್ಕದವನಿಗೆ ತೋರಿಸಲು ಹಿಂಜರಿದಾಗ, ತಪ್ಪನ್ನು ತೋರಿಸಿಕೊಟ್ಟವನ ಮೇಲೆ ಮುನಿಸಿಕೊಂಡಾಗ, ಬ್ರೆಮೆನ್ನಿನ ಈ ಬಡ ಉಪಾಧ್ಯಾಯನ ಬಾಳನ್ನು ನೆನೆಯುವುದು ಒಳ್ಳೆಯದು. ಮಾರಿಯ ನಡುವೆ, ಬೆಂಕಿಯ ಬಳಿಕ, ಸೆರೆಯಿಂದ ಮರಳಿ, ಅಪವಾದವನ್ನು ನುಂಗಿಕೊಂಡು ಆತನು ಒಯ್ದು ಮುಟ್ಟಿಸಿದ ಓಲೆಗಳಿಂದಲೇ ಇಂದಿನ ವಿಜ್ಞಾನವು ಒಬ್ಬರ ಮನೆಯ ಗುಟ್ಟಾಗದೆ ಸರ್ವರ ಸೊತ್ತಾಗಿದೆ.